ಪಾಲು ಮತ್ತು ಪಾಳಿ

ಪುಣೆಯಿಂದ ಅಹಮದ್‌ನಗರದ ರಸ್ತೆ ಹಿಡಿಯಬೇಕು. ಈಗ ಆ ಊರಿಗೆ ಅಹಿಲ್ಯಾನಗರ ಎನ್ನಬೇಕು, ಬಸ್ಸಿನ ಕಂಡಕ್ಟರು ಮಾತ್ರ ಇನ್ನೂ ‘ನಗರ್, ನಗರ್’ ಎಂದೇ ಕೂಗುತ್ತಾನೆ. ಸುಮಾರು 50 ಕಿಲೋಮೀಟರು ಹೋದರೆ ರಾಂಜಣಗಾಂವ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಈ ಊರು ಗೊತ್ತು. ಎಂಟು ಗಣಪತಿಗಳಲ್ಲಿ ಮಹಾಗಣಪತಿ ಇರುವುದು ಇಲ್ಲಿ. ಯಾತ್ರೆ ಮಾಡದ ನಮ್ಮ ವಿಜಯಪುರ, ಕಲಬುರಗಿ ಕಡೆಯ ಹುಡುಗರಿಗೂ ಈ ಊರು ಗೊತ್ತು. ಅದಕ್ಕೆ ಕಾರಣ ಬೇರೆ. ದೇವಸ್ಥಾನದಾಚೆ ಎಂಐಡಿಸಿ ಎಂಬ ದೊಡ್ಡ ಕೈಗಾರಿಕಾ ಪ್ರದೇಶ ಇದೆ. ಫ್ರಿಜ್ಜು, ವಾಷಿಂಗ್ ಮಶೀನು, ಕಾರು ತಯಾರಾಗುವ ಕಾರ್ಖಾನೆಗಳಿವೆ. ಸೊಲ್ಲಾಪುರದ ಮೇಲಿಂದ ಬಂದು, ಒಂದು ಖೋಲಿ ಹಿಡಿದು, ಮೂರು ಪಾಳಿಯಲ್ಲಿ ದುಡಿಯುವವರಲ್ಲಿ ನಾನೂ ಒಬ್ಬನಾಗಿದ್ದೆ.

ಇವತ್ತು ಹೇಳಹೊರಟದ್ದು ಕಂಪ್ಯೂಟರಿನ ವಿಷಯ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸೂ ಇರಬೇಕು, ಲಿನಕ್ಸೂ ಇರಬೇಕು. ಎರಡೂ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳು, ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಎರಡಕ್ಕೂ ಡಿಸ್ಕಿನಲ್ಲಿ ಬೇರೆ ಬೇರೆ ಪಾರ್ಟಿಶನ್, ಅಂದರೆ ಪಾಲು, ಬೇಕು. ಆದರೆ ಫೋಟೋ, ಹಾಡು, ಕಾಗದಪತ್ರ ಇವೆಲ್ಲ ಎರಡೂ ಕಡೆಯಿಂದ ಕೈಗೆ ಸಿಗಬೇಕು. ಇದು ಹೇಗೆ? ಕಂಪ್ಯೂಟರ್ ಮುಟ್ಟದವರೂ ರೇಡಿಯೋ ಬಂದ್ ಮಾಡಬೇಡಿ. ಹೊಲ ಪಾಲಾದ ಮನೆಯವರಿಗೆಲ್ಲ ಈ ಮಾತು ಅರ್ಥವಾಗುತ್ತದೆ.

ನಮ್ಮ ಖೋಲಿಯ ಮಾಲೀಕರು ಅಲ್ಲಿಯ ರೈತರು. ಅಣ್ಣ ತಮ್ಮ ಪಾಲಾಗಿದ್ದರು. ಹೊಲದ ನಡುವೆ ಬದು ಬಿದ್ದಿತ್ತು. ಬಾವಿ ಮಾತ್ರ ಒಂದೇ. ಬಾವಿಯನ್ನು ಕೊಯ್ದು ಹಂಚುವುದಕ್ಕೆ ಆಗುತ್ತದೆಯೇ? ಅದನ್ನು ಜಂಟಿಯಾಗಿ ಇಟ್ಟುಕೊಂಡಿದ್ದರು. ಮರಾಠಿಯಲ್ಲಿ ‘ಸಾಮಾಯಿಕ ವಿಹಿರ್’ ಎನ್ನುತ್ತಾರೆ. ನೀರೆತ್ತುವುದಕ್ಕೆ ಪಾಳಿ. ಅಲ್ಲಿಯೂ ಅದಕ್ಕೆ ಪಾಳಿ ಎಂದೇ ಹೆಸರು. ಕಾರ್ಖಾನೆಯ ಶಿಫ್ಟಿಗೂ ಪಾಳಿ, ಬಾವಿಯ ಸರದಿಗೂ ಪಾಳಿ. ಇವತ್ತಿನ ನನ್ನ ಮಾತೆಲ್ಲ ಈ ಎರಡು ಶಬ್ದಗಳ ಸುತ್ತಲೇ. ಒಂದು ಪಾಲು, ಇನ್ನೊಂದು ಪಾಳಿ. ಪಾಲು ಮಾಡುವುದನ್ನು ಎಲ್ಲರೂ ಹೇಳಿಕೊಡುತ್ತಾರೆ. ಎಡವುವುದು ಪಾಳಿಯಲ್ಲಿ.

ಮೊದಲು ಪಾಲು ನೋಡೋಣ.

2013ರಲ್ಲಿ ನಾನೂ ನನ್ನ ಖೋಲಿಯ ಗೆಳೆಯನೂ ಸೇರಿ ಕಂತಿನ ಮೇಲೆ ಒಂದು ಲ್ಯಾಪ್‌ಟಾಪ್ ಕೊಂಡೆವು. ಅವನು ಸಿಂದಗಿ ಕಡೆಯವನು, ವಯಸ್ಸಿನಲ್ಲಿ ನನಗಿಂತ ಚಿಕ್ಕವನು. ಅವನಿಗೆ ವಿಂಡೋಸ್ ಬೇಕು. ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಊರಿಗೆ ಅರ್ಜಿ ಟೈಪ್ ಮಾಡುವವನು ಅವನು. ನನಗೆ ಲಿನಕ್ಸ್ ಬೇಕು. ಪ್ರೋಗ್ರಾಮಿಂಗ್ ಕಲಿಯುವ ಹುಚ್ಚು. ಡಿಸ್ಕ್ ಸುಮಾರು 500 ಜಿಬಿ. ಅವನಿಗೆ 200, ನನಗೆ 100, ಉಳಿದ 200 ನಡುವಿನ ಜಂಟಿ ಬಾವಿ.

ಈ ಪಾಲನ್ನು ಕಂಪ್ಯೂಟರ್ ನೆನಪಿಡುವುದು ಹೇಗೆ? ನಮ್ಮಲ್ಲಿ ಹೊಲಕ್ಕೆ ಪಹಣಿ ಇದೆ. ಮಹಾರಾಷ್ಟ್ರದಲ್ಲಿ ‘ಸಾತ್‌ಬಾರಾ’. ಸಾತ್ ಎಂದರೆ ಏಳನೇ ನಮೂನೆ, ಯಾರ ಹೊಲ ಎಂಬುದು ಅದರಲ್ಲಿ. ಬಾರಾ ಎಂದರೆ ಹನ್ನೆರಡನೇ ನಮೂನೆ, ಯಾವ ಬೆಳೆ ಎಂಬುದು ಇದರಲ್ಲಿ. ಡಿಸ್ಕಿಗೂ ಇಂಥದೊಂದು ಉತಾರೆ ಉಂಟು. ಪಾರ್ಟಿಶನ್ ಟೇಬಲ್ ಎಂದು ಹೆಸರು. ಹಳೆಯ ಪದ್ಧತಿಯಲ್ಲಿ ಅದು ಡಿಸ್ಕಿನ ಮೊದಲ ತುಣುಕಿನಲ್ಲೇ ಇರುತ್ತಿತ್ತು. ಒಟ್ಟು 64 ಬೈಟು. ನಾಲ್ಕು ಸಾಲು, ಸಾಲಿಗೆ 16 ಬೈಟು. ಪಾಲು ಎಲ್ಲಿಂದ ಶುರು, ಎಷ್ಟು ಉದ್ದ, ಮತ್ತು ಒಂದು ಬೈಟಿನಲ್ಲಿ ಯಾವ ಬೆಳೆ ಎಂಬ ಗುರುತು. ವಿಂಡೋಸಿನ ಬೆಳೆಗೆ ಒಂದು ಸಂಖ್ಯೆ, ಲಿನಕ್ಸಿನದಕ್ಕೆ ಇನ್ನೊಂದು. 1983ರಲ್ಲಿ ಐಬಿಎಂ ಕಂಪನಿ ಹಾರ್ಡ್‌ಡಿಸ್ಕ್ ಇರುವ ಎಕ್ಸ್‌ಟಿ ಕಂಪ್ಯೂಟರ್ ತಂದಾಗ ಈ ಏರ್ಪಾಟು ಬಂತು. ಆ ಡಿಸ್ಕ್ ಎಷ್ಟು ದೊಡ್ಡದು? 10 ಎಂಬಿ. ಇವತ್ತಿನ ಮೊಬೈಲಿನ ಎರಡು ಮೂರು ಫೋಟೋ ಹಿಡಿಸುವಷ್ಟು. ಅಷ್ಟು ಚಿಕ್ಕ ಹೊಲಕ್ಕೂ ಅವತ್ತೇ ಬದು ಯೋಚಿಸಿದ್ದರು! ಒಂದೇ ಡಿಸ್ಕಿನಲ್ಲಿ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ ಇರಬಹುದು ಎಂಬ ಎಣಿಕೆ ಆಗಲೇ ಇತ್ತು. ಈಗಿನ ಹೊಸ ಪದ್ಧತಿಗೆ ಜಿಪಿಟಿ ಎನ್ನುತ್ತಾರೆ. ಅದರಲ್ಲಿ ಸಾಮಾನ್ಯವಾಗಿ 128 ಪಾಲಿಗೆ ಜಾಗವಿದೆ.

ಒಂದು ಅಡ್ಡ ಮಾತು. ರಾಂಜಣಗಾಂವದ ಗುಡಿಯಲ್ಲಿ ಕಾಣುವ ಮೂರ್ತಿಯ ಕೆಳಗೆ, ನೆಲಮಾಳಿಗೆಯಲ್ಲಿ, ಹತ್ತು ಸೊಂಡಿಲು ಇಪ್ಪತ್ತು ಕೈಗಳ ಮಹೋತ್ಕಟ ಮೂರ್ತಿ ಇದೆ ಎಂದು ಭಕ್ತರು ನಂಬುತ್ತಾರೆ. ಅಂಗಡಿಯಿಂದ ತಂದ ಲ್ಯಾಪ್‌ಟಾಪಿನಲ್ಲೂ ಹೀಗೆಯೇ. ಕಾಣುವ ಪಾಲುಗಳಲ್ಲದೆ ಕಾಣದ ಎರಡು ಮೂರು ಸಣ್ಣ ಪಾಲುಗಳಿರುತ್ತವೆ. ಒಂದು ಯಂತ್ರವನ್ನು ಎಬ್ಬಿಸುವುದಕ್ಕೆ, ಇನ್ನೊಂದು ಕೆಟ್ಟರೆ ರಿಪೇರಿಗೆ. ‘ಇದೇನಿದು, ಸುಮ್ಮನೆ ಜಾಗ ತಿನ್ನುತ್ತಿದೆ’ ಎಂದು ಅಳಿಸಬೇಡಿ. ಕೈಮುಗಿದು ಮುಂದೆ ಹೋಗಿ.

ಇಷ್ಟರ ಮಟ್ಟಿಗೆ ಪಾಲಾಯಿತು. ಮೂರು ಪಾಲು: ಅವನದೊಂದು, ನನ್ನದೊಂದು, ನಡುವೆ ಜಂಟಿಯದೊಂದು. ಈಗ ಆ ಜಂಟಿ ಪಾಲಿನ ಭಾಷೆ ಯಾವುದು ಎಂಬ ಪ್ರಶ್ನೆ.

ಖಾಲಿ ಪಾಲಿನಲ್ಲಿ ಸುಮ್ಮನೆ ಫೈಲು ಸುರಿಯುವುದಕ್ಕೆ ಬರುವುದಿಲ್ಲ. ಯಾವ ಫೈಲು ಎಲ್ಲಿದೆ ಎಂದು ಲೆಕ್ಕ ಬರೆಯುವ ಒಂದು ಪದ್ಧತಿ ಬೇಕು. ಅದಕ್ಕೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ನಾವು ಲೆಕ್ಕದ ಲಿಪಿ ಎನ್ನೋಣ. ವಿಂಡೋಸ್ ಬರೆಯುವ ಲಿಪಿ ಎನ್‌ಟಿಎಫ್‌ಎಸ್. ಲಿನಕ್ಸಿನದು ಹೆಚ್ಚಾಗಿ ಎಕ್ಸ್ಟ್-ಫೋರ್. ಲಿನಕ್ಸಿಗೆ ಎರಡೂ ಓದಲು ಬರುತ್ತದೆ. ವಿಂಡೋಸಿಗೆ ತಾನಾಗಿ ಬರುವುದು ತನ್ನದಷ್ಟೇ. ದೊಡ್ಡ ಮನೆಯ ಹಿರಿಯಣ್ಣನ ಹಾಗೆ, ಬೇರೆಯವರ ಭಾಷೆ ಕಲಿಯುವ ಗೋಜಿಗೆ ಅದು ಹೋಗಿಲ್ಲ.

ಓದಲು ಬರದಿದ್ದರೆ ಏನು ಮಾಡುತ್ತದೆ? ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಲಿನಕ್ಸಿನ ಲಿಪಿಯಲ್ಲಿ ಬರೆದ ಹೊರಗಿನ ಡಿಸ್ಕೊಂದನ್ನು ನನ್ನ ಗೆಳೆಯ ಒಮ್ಮೆ ವಿಂಡೋಸಿಗೆ ಸಿಕ್ಕಿಸಿದ. ಪರದೆಯ ಮೇಲೆ ಒಂದು ಸಣ್ಣ ಚೌಕ ಬಂತು. ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು. ಮಾಡಲೇ?’ ಕೆಳಗೆ ಎರಡು ಗುಂಡಿ. ಒಂದು ಫಾರ್ಮ್ಯಾಟ್, ಇನ್ನೊಂದು ಬೇಡ. ನನಗೆ ಓದಲು ಬರುವುದಿಲ್ಲ ಎನ್ನಬೇಕಾದ ಕಡೆ, ಇದು ಖಾಲಿ ಇದೆ, ಉತ್ತು ಬಿತ್ತಲೇ ಎಂದು ಕೇಳುವ ಧಾಟಿ. ಗೆಳೆಯ ಇಲಿಯನ್ನು ಆ ಗುಂಡಿಯ ಮೇಲೆ ಒಯ್ದು ನನ್ನ ಮುಖ ನೋಡಿದ.

‘ಅಣ್ಣಾ, ಇದೇನೋ ಕೇಳಾಕತ್ತದ. ಹೂಂ ಅನ್ಲೇನು?’

‘ಏ, ಕೈ ತಗೀ ಮದ್ಲ!’ ಎಂದು ಕೂಗಿದೆ. ಖೋಲಿಯ ಮಾಲೀಕರು ಹೊರಗೆ ಬಂದು ಏನಾಯಿತೆಂದು ಕೇಳಿದರು.

ಹಾಗಾದರೆ ಜಂಟಿ ಪಾಲಿಗೆ ಇಬ್ಬರೂ ಬಲ್ಲ ಲಿಪಿ ಬೇಕು. ಬಹುಕಾಲ ಆ ಕೆಲಸ ಮಾಡಿದ್ದು ಫ್ಯಾಟ್ ಎಂಬ ಹಳೆಯ ಲಿಪಿ. ಅದರ ಬೇರು 1977ರಷ್ಟು ಹಿಂದಿನದು. ಅದರ ಫ್ಯಾಟ್-32 ಎಂಬ ರೂಪ 1996ರಲ್ಲಿ ಬಂತು. ಎಲ್ಲರಿಗೂ ಓದಲು ಬರುತ್ತದೆ. ಆದರೆ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಮದುವೆಯ ವಿಡಿಯೋ 6 ಜಿಬಿ, ಪೆನ್‌ಡ್ರೈವಿನಲ್ಲಿ 30 ಜಿಬಿ ಖಾಲಿ, ಆದರೂ ಹಿಡಿಸುವುದಿಲ್ಲ ಎನ್ನುತ್ತದೆ. ಅಂಗಡಿಯವನು ಮೋಸ ಮಾಡಿದ ಎಂದು ಎಷ್ಟೋ ಜನ ಜಗಳ ಆಡಿದ್ದಾರೆ. ಮೋಸ ಅಲ್ಲ. ಲೆಕ್ಕದ ಪುಸ್ತಕದಲ್ಲಿ ಫೈಲಿನ ಗಾತ್ರ ಬರೆಯಲು ಬಿಟ್ಟಿರುವ ಮನೆ ಚಿಕ್ಕದು. ನಾಲ್ಕೇ ಬೈಟು. ಅದರಲ್ಲಿ 4 ಜಿಬಿಗಿಂತ ದೊಡ್ಡ ಸಂಖ್ಯೆ ಬರೆಯಲು ಬರುವುದಿಲ್ಲ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಫ್ಯಾಟಿನಲ್ಲಿ ಕಿರ್ದಿ ಇಲ್ಲ. ಅಂಗಡಿಯಲ್ಲಿ ಕಿರ್ದಿ ಬರೆದು ಆಮೇಲೆ ಖಾತೆಗೆ ಏರಿಸುತ್ತಾರಲ್ಲ, ಹಾಗೆ ಎನ್‌ಟಿಎಫ್‌ಎಸ್ ಮತ್ತು ಎಕ್ಸ್ಟ್-ಫೋರ್ ತಾವು ಮಾಡಹೊರಟ ಬದಲಾವಣೆಯನ್ನು ಮೊದಲು ಕಿರ್ದಿಯಲ್ಲಿ ಬರೆದುಕೊಳ್ಳುತ್ತವೆ. ನಡುವೆ ಕರೆಂಟು ಹೋದರೂ ಕಿರ್ದಿ ನೋಡಿ ಖಾತೆ ಸರಿಮಾಡಬಹುದು. ನಮ್ಮ ಕಡೆ ಕರೆಂಟು ಹೇಗೆ ಹೋಗುತ್ತದೆ ಎಂದು ನಾನು ನಿಮಗೆ ಹೇಳಬೇಕೇ?

ಹಾಗಾಗಿ ಒಳಗಿನ ಡಿಸ್ಕಿನ ಜಂಟಿ ಪಾಲಿಗೆ ಎನ್‌ಟಿಎಫ್‌ಎಸ್ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಲಿನಕ್ಸಿಗೆ ಈ ಲಿಪಿಯನ್ನು ಓದುವುದು ಮೊದಲೇ ಬರುತ್ತಿತ್ತು. ಬರೆಯುವ ಧೈರ್ಯ ಇರಲಿಲ್ಲ. 2006ರಲ್ಲಿ ಹಂಗೇರಿಯ ಸಾಬೋಲ್ಚ್ ಸಾಕಾಚಿತ್ಸ್ ಎಂಬಾತ ಎನ್‌ಟಿಎಫ್‌ಎಸ್-3ಜಿ ಎಂಬ ತಂತ್ರಾಂಶ ತಂದ. ಮರುವರ್ಷವೇ ಅದು ನಂಬಿ ಬರೆಯುವಷ್ಟು ಗಟ್ಟಿಯಾಯಿತು. 2021ರಲ್ಲಿ ಪ್ಯಾರಗಾನ್ ಕಂಪನಿ ಬರೆದ ಇಂಥದೇ ಇನ್ನೊಂದು ತಂತ್ರಾಂಶ ಲಿನಕ್ಸಿನ ಒಳಗೇ ಸೇರಿತು. ಪೆನ್‌ಡ್ರೈವಿಗಾದರೆ ಎಕ್ಸ್‌ಫ್ಯಾಟ್ ಎಂಬ ಲಿಪಿ ಸಾಕು. ಅದಕ್ಕೆ 4 ಜಿಬಿಯ ಗೋಡೆ ಇಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ಅದರ ವಿವರವನ್ನು ಎಲ್ಲರಿಗೂ ಬಿಚ್ಚಿಟ್ಟ ಮೇಲೆ ಲಿನಕ್ಸಿನಲ್ಲೂ ಸಲೀಸಾಗಿ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ನಿತ್ಯದ ಮಾತು. ಕೇರಳದ ಸರಕಾರಿ ಶಾಲೆಗಳಲ್ಲಿ ಕಲಿಸುವುದು ಲಿನಕ್ಸಿನಲ್ಲಿ, ಮನೆಯ ಅಥವಾ ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್. ನಡುವೆ ಓಡಾಡುವುದು ಜೇಬಿನ ಪೆನ್‌ಡ್ರೈವ್.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಮೂರು ಪಾಲು ಮಾಡಿ. ನಡುವಿನದನ್ನು ಇಬ್ಬರೂ ಬಲ್ಲ ಲಿಪಿಯಲ್ಲಿ ಇಡಿ. ಇದೆಲ್ಲ ಪಾಲಿನ ಮಾತು. ಈಗ ಪಾಳಿಗೆ ಬರೋಣ.

ಕಾರ್ಖಾನೆಯಲ್ಲಿ ಪಾಳಿ ಒಪ್ಪಿಸುವುದು ಎಂದರೆ ಏನೆಂದು ದುಡಿದವರಿಗೆ ಗೊತ್ತು. ನನ್ನ ಪಾಳಿ ಮುಗಿಯುತ್ತಿದೆ. ಮುಂದಿನವನು ಬಂದಿದ್ದಾನೆ. ಮಶೀನು ನಿಲ್ಲಿಸಬೇಕು. ಅರ್ಧ ಆದ ಕೆಲಸವನ್ನು ತೆಗೆಯಬೇಕು, ಇಲ್ಲವೆ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಏನೂ ಹೇಳದೆ ಬಸ್ಸು ಹತ್ತಿದರೆ ಬಂದವನ ಬೆರಳು ಹೋಗಬಹುದು. ಒಂದು ಕಂಪ್ಯೂಟರಿನಲ್ಲಿ ಹೀಗೆ ಎರಡು ಆಪರೇಟಿಂಗ್ ಸಿಸ್ಟಮ್ ಹಾಕಿದರೂ ಅಷ್ಟೆ. ಒಮ್ಮೆಗೆ ಒಂದೇ ನಡೆಯುತ್ತದೆ. ಒಂದು ಪೂರಾ ಬಂದ್ ಆದ ಮೇಲೆ ಇನ್ನೊಂದು ಶುರುವಾಗಬೇಕು.

2012ರ ಕೊನೆಗೆ ವಿಂಡೋಸ್-8 ಬಂತು. ನಮ್ಮಲ್ಲಿದ್ದದ್ದೂ ಅದೇ. ಅದರ ಜೊತೆಗೆ ಫಾಸ್ಟ್ ಸ್ಟಾರ್ಟಪ್ ಎಂಬ ಸೌಕರ್ಯ ಬಂತು. ಬೇಗ ಏಳಲೆಂದು ಅದು ಪೂರಾ ಬಂದ್ ಆಗುವುದೇ ಇಲ್ಲ. ಶಟ್ ಡೌನ್ ಒತ್ತಿದರೆ ನಿಮ್ಮ ತಂತ್ರಾಂಶಗಳನ್ನು ಮುಚ್ಚುತ್ತದೆ. ಆದರೆ ತನ್ನ ಒಳಗಿನ ನೆನಪನ್ನು ಡಿಸ್ಕಿಗೆ ಬರೆದು ನಿದ್ದೆ ಹೋಗುತ್ತದೆ. ದೀಪ ಆರಿರುತ್ತದೆ. ಫ್ಯಾನು ನಿಂತಿರುತ್ತದೆ. ನೋಡಿದವರು ಬಂದ್ ಆಗಿದೆ ಎಂದೇ ತಿಳಿಯಬೇಕು. ಆದರೆ ಜಂಟಿ ಪಾಲಿನ ಲೆಕ್ಕದ ಪುಸ್ತಕ ಅದರ ಬಗಲಲ್ಲೇ ಇರುತ್ತದೆ, ಬೆರಳು ಪುಟದೊಳಗೆ ಇಟ್ಟ ಹಾಗೆ.

ನಮಗೆ ಇದು ಗೊತ್ತಿರಲಿಲ್ಲ. ಗೆಳೆಯನ ತಂಗಿಯ ನಿಶ್ಚಯ ಆಯಿತು. ಅವನು ಊರಿಗೆ ಹೋಗಿ ಫೋಟೋ ತೆಗೆದುಕೊಂಡು ಬಂದ. ಮೆಮೊರಿ ಕಾರ್ಡಿನಲ್ಲಿ 43 ಫೋಟೋ. ಬಂದವನೇ ವಿಂಡೋಸಿನಲ್ಲಿ ಏನೋ ಟೈಪ್ ಮಾಡಿ, ಶಟ್ ಡೌನ್ ಒತ್ತಿ, ಮೂರನೇ ಪಾಳಿಗೆ ಹೊರಟ. ‘ಅಣ್ಣಾ, ಫೋಟೋ ಇಳಿಸಿ ಕಾರ್ಡ್ ಖಾಲಿ ಮಾಡಿಡು’ ಅಂದ. ನಾನು ಲಿನಕ್ಸ್ ತೆರೆದೆ. 43 ಫೋಟೋಗಳನ್ನು ಜಂಟಿ ಪಾಲಿಗೆ ಇಳಿಸಿದೆ. ಒಂದೆರಡನ್ನು ತೆರೆದು ನೋಡಿದೆ. ಚೆನ್ನಾಗಿದ್ದವು. ಕಾರ್ಡನ್ನು ಫಾರ್ಮ್ಯಾಟ್ ಮಾಡಿದೆ. ಬಂದ್ ಮಾಡಿ ಮಲಗಿದೆ.

ಬೆಳಿಗ್ಗೆ ಅವನು ಬಂದು ವಿಂಡೋಸ್ ತೆರೆದ. ಫೋಟೋ ಇಲ್ಲ. ಫೋಲ್ಡರೇ ಇಲ್ಲ.

ಆದದ್ದು ಇಷ್ಟೇ. ನಿದ್ದೆಯಿಂದ ಎದ್ದ ವಿಂಡೋಸ್ ತನ್ನ ಬಗಲಿನ ಪುಸ್ತಕ ತೆರೆಯಿತು. ಅದು ನಿನ್ನೆ ಸಂಜೆಯ ಪುಸ್ತಕ. ಅದರಲ್ಲಿ ನಾನು ರಾತ್ರಿ ಬರೆದ ಸಾಲುಗಳಿಲ್ಲ. ತನ್ನದೇ ಸರಿ ಎಂದು ಅದನ್ನೇ ಡಿಸ್ಕಿನ ಮೇಲೆ ಬರೆದುಬಿಟ್ಟಿತು. ಅಂದಿನ ನನ್ನ ಹಳೆಯ ಲಿನಕ್ಸ್ ಒಂದು ಮಾತೂ ಆಡದೆ ಬರೆಯಲು ಬಿಟ್ಟಿತ್ತು. ಈಗಿನವು ಹಾಗಲ್ಲ. ‘ವಿಂಡೋಸ್ ಇನ್ನೂ ಮಲಗಿದೆ, ಓದುವುದಾದರೆ ಓದು, ಬರೆಯಲು ಕೊಡುವುದಿಲ್ಲ’ ಎನ್ನುತ್ತವೆ. ಆ ಮಾತು ಕಂಡರೆ ಬಲವಂತದ ದಾರಿ ಹುಡುಕಬೇಡಿ. ವಾಪಸು ವಿಂಡೋಸಿಗೆ ಹೋಗಿ ಪೂರಾ ಬಂದ್ ಮಾಡಿ ಬನ್ನಿ.

ಪೂರಾ ಬಂದ್ ಮಾಡುವುದು ಹೇಗೆ? ಇಲ್ಲೊಂದು ತಮಾಷೆ ಇದೆ. ಶಟ್ ಡೌನ್ ಎಂದರೆ ನಿದ್ದೆ. ರೀಸ್ಟಾರ್ಟ್ ಎಂದರೆ ನಿಜವಾದ ಬಂದ್. ಅದಕ್ಕೇ ಲಿನಕ್ಸಿಗೆ ಹೋಗಬೇಕಾದಾಗ ರೀಸ್ಟಾರ್ಟ್ ಒತ್ತಿ. ಇಲ್ಲವೆ ಶಿಫ್ಟ್ ಕೀಲಿಯನ್ನು ಹಿಡಿದುಕೊಂಡು ಶಟ್ ಡೌನ್ ಒತ್ತಿ. ಕೀಲಿಯ ಹೆಸರೂ ನೋಡಿ, ಶಿಫ್ಟ್! ಕಾಯಂ ಉಪಾಯ ಬೇಕೆಂದರೆ ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸಿಗೆ ಹೋಗಿ, ಪವರ್ ಗುಂಡಿ ಏನು ಮಾಡಬೇಕು ಎಂದು ಹೇಳುವ ಪುಟ ತೆರೆದು, ಫಾಸ್ಟ್ ಸ್ಟಾರ್ಟಪ್ ಮುಂದಿನ ಟಿಕ್ ಗುರುತನ್ನು ತೆಗೆದುಬಿಡಿ. ಏಳುವುದು ಹತ್ತಿಪ್ಪತ್ತು ಸೆಕೆಂಡು ತಡವಾಗುತ್ತದೆ, ಅಷ್ಟೆ.

ಲಿನಕ್ಸಿಗೂ ಇದೇ ಮಾತು. ಅದೂ ಬರೆಯುವುದನ್ನು ಸ್ವಲ್ಪ ತಡಮಾಡಿ ಬರೆಯುತ್ತದೆ. ಪೆನ್‌ಡ್ರೈವನ್ನು ಅನ್‌ಮೌಂಟ್ ಮಾಡದೆ, ಅಂದರೆ ಬಿಡಿಸಿಕೊಳ್ಳುವ ಮೊದಲು ಹೇಳದೆ, ಕಿತ್ತರೆ ಬಾವಿಯಿಂದ ಕೊಡ ಅರ್ಧ ಎತ್ತಿ ಹಗ್ಗ ಬಿಟ್ಟ ಹಾಗೆ.

ಮತ್ತೊಂದು ಸಂಗತಿ. ಎನ್‌ಟಿಎಫ್‌ಎಸ್ ಪಾಲು ನಿಜವಾಗಿ ಕೆಟ್ಟರೆ ಪೂರಾ ರಿಪೇರಿ ಮಾಡುವ ಮಿಸ್ತ್ರಿ ವಿಂಡೋಸಿನ ಮನೆಯಲ್ಲೇ ಇದ್ದಾನೆ. ಚೆಕ್‌ಡಿಸ್ಕ್ ಅವನ ಹೆಸರು. ಲಿನಕ್ಸಿನಲ್ಲಿರುವುದು ತೇಪೆ ಹಚ್ಚುವವನು. ಆದ್ದರಿಂದ ಜಂಟಿ ಪಾಲು ಎನ್‌ಟಿಎಫ್‌ಎಸ್ ಆಗಿದ್ದರೆ ವಿಂಡೋಸನ್ನು ಸಿಟ್ಟಿನಲ್ಲಿ ಕಿತ್ತುಹಾಕಬೇಡಿ.

ಪಾಳಿಯ ಮಾತಿನಲ್ಲಿ ಗಡಿಯಾರವೂ ಬರಬೇಕು. ಪೂರಾ ಬಂದ್ ಮಾಡಿ ಒಪ್ಪಿಸಿದಿರಿ, ಸರಿ. ಆದರೆ ಎಷ್ಟು ಗಂಟೆಗೆ? ಕಂಪ್ಯೂಟರಿನೊಳಗೆ ಸಣ್ಣ ಬ್ಯಾಟರಿಯ ಮೇಲೆ ನಡೆಯುವ ಗಡಿಯಾರವಿದೆ. ವಿಂಡೋಸ್ ಅದರಲ್ಲಿ ನಮ್ಮ ದೇಶದ ಸಮಯ ಇಡುತ್ತದೆ. ಲಿನಕ್ಸ್ ಅದರಲ್ಲಿ ಜಾಗತಿಕ ಸಮಯ ಇಡುತ್ತದೆ. ನಮಗೂ ಅದಕ್ಕೂ ಐದೂವರೆ ಗಂಟೆ ಅಂತರ. ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ರಾತ್ರಿ ಹತ್ತೂವರೆ ಇದ್ದದ್ದು ಸಂಜೆ ಐದು ಎಂದು ತೋರಿಸುತ್ತದೆ. ‘ಅಣ್ಣಾ, ನಿನ್ನ ಲಿನಕ್ಸ್ ನನ್ನ ಪಾಳಿ ತಿಂತದ ನೋಡು’ ಎಂದು ಗೆಳೆಯ ಬೈಯುತ್ತಿದ್ದ. ನಗುವ ಮಾತಾದರೂ ಇದರಲ್ಲಿ ಒಂದು ತೊಡಕಿದೆ. ಜಂಟಿ ಪಾಲಿನಲ್ಲಿ ಒಂದೇ ಕಾಗದದ ಎರಡು ಪ್ರತಿ ಇವೆ. ಯಾವುದು ಹೊಸದು? ಸಮಯ ನೋಡಿ ತಿಳಿಯಬೇಕು. ಸಮಯವೇ ಐದೂವರೆ ಗಂಟೆ ಹಿಂದು ಮುಂದಾದರೆ ಹೊಸದರ ಮೇಲೆ ಹಳೆಯದು ಕೂರುತ್ತದೆ. ಎರಡರಲ್ಲಿ ಒಂದಕ್ಕೆ ಹೇಳಿ ಸರಿಮಾಡಿಸಬೇಕು. ಲಿನಕ್ಸಿಗೆ ಒಂದೇ ಆಜ್ಞೆ ಸಾಕು, ಸ್ಥಳೀಯ ಸಮಯಕ್ಕೆ ಒಪ್ಪುತ್ತದೆ.

ಪಾಲು ಆಯಿತು. ಪಾಳಿ ಆಯಿತು. ಉಳಿದದ್ದು ನಮ್ಮ ಕನ್ನಡ.

ಗೆಳೆಯ ಹಳೆಯ ನುಡಿಯಲ್ಲಿ ಟೈಪ್ ಮಾಡಿದ ಅರ್ಜಿಯನ್ನು ನಾನು ಲಿನಕ್ಸಿನಲ್ಲಿ ತೆರೆದರೆ ಕನ್ನಡವೇ ಇರುತ್ತಿರಲಿಲ್ಲ. ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಡಿಸ್ಕಿನ ತಪ್ಪಲ್ಲ. ಫೈಲು ಸರಿಯಾಗಿಯೇ ದಾಟಿ ಬಂದಿತ್ತು. ಆ ಕಾಲದ ಪದ್ಧತಿಯಲ್ಲಿ ಕನ್ನಡ ಇದ್ದದ್ದು ಫಾಂಟಿನಲ್ಲಿ, ಫೈಲಿನಲ್ಲಲ್ಲ. ಫಾಂಟು ಹಿಂದೆ ಉಳಿದರೆ ಕನ್ನಡವೂ ಹಿಂದೆ ಉಳಿಯಿತು. ಕನ್ನಡ ಅಕ್ಷರದ ಗುರುತನ್ನು ಫೈಲಿನಲ್ಲೇ ಇಡುವ ಯೂನಿಕೋಡಿನಲ್ಲಿ ಬರೆದರೆ ಈ ತೊಂದರೆ ಇಲ್ಲ.

ಆದರೂ ಫೈಲಿನ ಹೆಸರಿನಲ್ಲಿ ಒಂದು ಕಚ್ಚು ಉಳಿದಿದೆ. ‘ಕೊಡಗು’ ಎಂಬ ಹೆಸರಿಡಿ. ‘ಕೊ’ದ ಒತ್ವವನ್ನು ಒಂದೇ ಗುರುತಾಗಿ ಬರೆಯಬಹುದು. ಎತ್ವ ಮತ್ತು ಊಕಾರದ ಕೊಂಬು ಎಂದು ಬಿಡಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆಪಲ್ ಕಂಪ್ಯೂಟರಿನ ಹಳೆಯ ಲೆಕ್ಕದ ಲಿಪಿ ಹೆಸರುಗಳನ್ನು ಬಿಡಿಸಿಯೇ ಬರೆಯುತ್ತಿತ್ತು. ಅಲ್ಲಿಂದ ಬಂದ ‘ಕೊಡಗು’, ಇಲ್ಲಿಯ ‘ಕೊಡಗು’ ಅಕ್ಕಪಕ್ಕ ನಿಲ್ಲುತ್ತವೆ, ಅವಳಿ ಮಕ್ಕಳ ಹಾಗೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಭೂತಚೇಷ್ಟೆ ಎಂದುಕೊಳ್ಳಬೇಡಿ.

ಈಗ ಆ 43 ಫೋಟೋಗಳ ಕಥೆ ಮುಗಿಸುತ್ತೇನೆ. ಗೆಳೆಯ ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಎರಡು ದಿನ ಮಾತಾಡಲಿಲ್ಲ, ಅಷ್ಟೆ. ಬೈದಿದ್ದರೆ ವಾಸಿಯಿತ್ತು. ಮೂರನೆಯ ದಿನ ನನಗೆ ಹೊಳೆಯಿತು, ಫಾರ್ಮ್ಯಾಟ್ ಮಾಡಿದ ಕಾರ್ಡನ್ನು ಇನ್ನೂ ಯಾರೂ ಬಳಸಿರಲಿಲ್ಲ. ನಾನು ಮಾಡಿದಂಥ ಫಾರ್ಮ್ಯಾಟಿನಲ್ಲಿ ಲೆಕ್ಕದ ಪುಸ್ತಕವಷ್ಟೇ ಹೊಸದಾಗುತ್ತದೆ. ಕಣಜದ ಕಾಳು ಅಲ್ಲಿಯೇ ಬಿದ್ದಿರುತ್ತದೆ, ಮೇಲೆ ಬೇರೆ ಸುರಿಯುವ ತನಕ. ಲಿನಕ್ಸಿನಲ್ಲಿ ಫೋಟೋರೆಕ್ ಎಂಬ ತಂತ್ರಾಂಶವಿದೆ. ಪುಸ್ತಕದ ಹಂಗಿಲ್ಲದೆ ಕಾಳನ್ನೇ ಕೆದರಿ ನೋಡುತ್ತದೆ. ರಾತ್ರಿಯೆಲ್ಲ ಓಡಿಸಿದೆ. ಎಲ್ಲ ಫೋಟೋ ಬಂದವು. ಜೊತೆಗೆ ಅವನು ಹಿಂದೆಂದೋ ಅಳಿಸಿದ್ದ, ನಾನು ನೋಡಬಾರದ ಒಂದೆರಡು ಫೋಟೋಗಳೂ ಬಂದವು. ಅದಿರಲಿ.

ಬಂದವು, ಆದರೆ ಹೆಸರು ಹೋಗಿದ್ದವು. ಅವನು ಊರಲ್ಲೇ ಕೂತು ಇಟ್ಟ ಹೆಸರುಗಳವು. ಈಗ ಎಲ್ಲದಕ್ಕೂ ಬರೀ ಸಂಖ್ಯೆ. ಅವನು ವಾರದ ರಜೆಯ ದಿನ ಚಹಾ ಇಟ್ಟುಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತ. ವಿಂಡೋಸಿನಲ್ಲಿ ಯೂನಿಕೋಡ್ ಕೀಲಿಮಣೆ ಹಾಕಿಕೊಂಡು ಒಂದೊಂದಾಗಿ ತೆರೆದು ಹೆಸರಿಟ್ಟ. ‘ಅವ್ವ ಮತ್ತ ಸಣ್ಣವ್ವ.’ ‘ಉಡಿ ತುಂಬೂದು.’ ‘ಮುತ್ಯಾ ನಿದ್ದಿ.’ ಮುಗಿದ ಮೇಲೆ ಎದ್ದು, ಶಿಫ್ಟ್ ಕೀಲಿ ಹಿಡಿದು ಬಂದ್ ಮಾಡಿ, ‘ಈಗ ನೀ ನೋಡು’ ಅಂದ. ನಾನು ಲಿನಕ್ಸ್ ತೆರೆದೆ. ಜಂಟಿ ಪಾಲಿಗೆ ಹೋದೆ. ಮುತ್ಯಾ ಗೋಡೆಗೆ ಒರಗಿ, ಬಾಯಿ ತೆರೆದು, ಪಟಗಾ ಜಾರಿಸಿಕೊಂಡು ಮಲಗಿದ್ದರು. ಕೆಳಗೆ ಅವರ ಹೆಸರು ಕನ್ನಡದಲ್ಲೇ ಇತ್ತು.